ಎಡಗಡೆಯ ಗೆರೆ

ಮಂಡ್ಯದ ತಾಲ್ಲೂಕು ಕಚೇರಿ ಎದುರು,
ಎಳನೀರಿನ ಗಾಡಿಗೂ ಛಾಪಾ ಕಾಗದದವನ ಮೇಜಿಗೂ ನಡುವೆ
ಆರಡಿ ಅಗಲದ ಜೆರಾಕ್ಸ್ ಅಂಗಡಿ ನನ್ನದು.
ಒಂದು ಪ್ರತಿಗೆ ಎರಡು ರೂಪಾಯಿ, ಹಿಂದೆ ಮುಂದೆ ಮೂರು.
ಯಂತ್ರ ಹಳೆಯದು. ಅದರ ಡ್ರಮ್ಮಿಗೊಂದು ಗಾಯ:
ತೆಗೆದ ಪ್ರತಿಯೆಲ್ಲದರ ಎಡಗಡೆ
ಕೂದಲೆಳೆಯಂಥ ಕಪ್ಪು ಗೆರೆ.
ಯಾರೂ ಅದೇನೆಂದು ಕೇಳಿದವರಲ್ಲ.

ಹೋದ ಕಾರ್ತಿಕದ ಒಂದು ಸಂಜೆ
ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿ ಕಡ್ಲೆಕಾಯಿ ಕೊಂಡೆ.
ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ
ಒಳಗೆ ಜವರಮ್ಮ.
ಮೂಗುಬೊಟ್ಟು, ಅಗಲ ಹಣೆ, ಕ್ಯಾಮೆರಾಕ್ಕೆ ಬೆಚ್ಚಿದ ಕಣ್ಣು,
ಹನ್ನೆರಡು ಅಂಕೆ, ಹುಟ್ಟಿದ ದಿನ ಜನವರಿ ಒಂದು
(ಅವಳೂರಿನ ಅರ್ಧ ಜನ ಹುಟ್ಟಿದ್ದು ಅವತ್ತೇ),
ಹುರಿದ ಮರಳಿನ ಮಸಿ,
ಎಡಗಡೆ, ಕೂದಲೆಳೆಯಂಥ ಕಪ್ಪು ಗೆರೆ.

ಸೊಟ್ಟ ಬಂತೆಂದು, ಮಸುಕಾಯಿತೆಂದು
ಬುಟ್ಟಿಗೆಸೆದವಳು ನಾನು.
ತಿಂಗಳ ಕೊನೆಗೆ ರದ್ದಿಯವನಿಗೆ
ಕಿಲೋ ಹನ್ನೆರಡರಂತೆ ತೂಗಿಕೊಟ್ಟವಳೂ ನಾನೇ.

ಅಷ್ಟರಲ್ಲಾಗಲೇ ಅವಳಿಗೆ ನೋಟೀಸು:
ನೀವು ಕೊಂಡ ಸ್ಕೂಟರಿನ ಮೂರು ಕಂತು ಬಾಕಿ.
"ಸೈಕಲ್ಲೇ ಮುಟ್ಟಿಲ್ಲ ಕಣವ್ವ ನಾನು,
ಯಾವೂರಲ್ಲಿ ಓಡ್ತಾ ಐತೋ ನನ್ನೆಸ್ರು!"
ಈ ಪೊಟ್ಟಣದಿಂದಲೇ ಆಯಿತೋ,
ಇನ್ನೆಲ್ಲೋ ಕೊಟ್ಟ ಪ್ರತಿಯಿಂದಲೋ
ಪೊಲೀಸರಿಗೂ ಗೊತ್ತಿಲ್ಲ.
ನನಗೆ ಗೊತ್ತಿರುವುದು ಗೆರೆ ಮಾತ್ರ.

ಮನೆಗೆ ಕನ್ನ ಬಿದ್ದರೆ ಗೋಡೆಯಲ್ಲಿ ತೂತಾದರೂ ಕಾಣುತ್ತದೆ.
ಹೆಸರಿಗೆ ಕನ್ನ ಬಿದ್ದರೆ
ಒಲೆ ಉರಿಯುತ್ತಲೇ ಇರುತ್ತದೆ, ಬಾಗಿಲಿಗೆ ಬೀಗ ಹಾಗೇ ಇರುತ್ತದೆ.
ಆಲೆಮನೆಯಲ್ಲಿ ಬಿಸಿ ಬೆಲ್ಲ ಅಚ್ಚಿಗೊತ್ತಿ
ಸವೆದುಹೋದ ಅವಳ ಹೆಬ್ಬೆರಳನ್ನು
ರೇಷನ್ ಅಂಗಡಿಯ ಯಂತ್ರ ಮೂರು ಸಲ ಮುಟ್ಟಿಯೂ
ಯಾರಮ್ಮಾ ನೀನು ಅನ್ನುತ್ತದೆ.
ಅವಳಲ್ಲದ ಯಾರನ್ನೋ ಮಾತ್ರ ಒಂದು ಶೋರೂಮು
ಬನ್ನಿ ಜವರಮ್ಮ, ಕೂತ್ಕೊಳ್ಳಿ ಅಂದಿದೆ.

ಆಮೇಲಿಂದ ನನ್ನಲ್ಲಿ ಮಾತು ಜಾಸ್ತಿ, ವ್ಯಾಪಾರ ನಿಧಾನ.
ಯಾತಕ್ಕೆ ಈ ಪ್ರತಿ? ಸಿಮ್ಮಿಗಾ? ಹಾಗಾದರೆ
ಅಕ್ಷರಗಳ ಮೇಲೇ ಅಡ್ಡಡ್ಡ ಬರೀರಿ:
ಸಿಮ್ಮಿಗೆ ಮಾತ್ರ. ತಾರೀಖು. ರುಜು.
ಮೊದಲ ಎಂಟು ಅಂಕೆಗೆ ಸೆರಗು ಹೊದ್ದ ಕಾರ್ಡೂ ಸಿಗುತ್ತೆ,
ಕೊನೆಯ ನಾಲ್ಕು ಸಾಕು ಅನ್ನೋ ಕಡೆ ಅದನ್ನೇ ಕೊಡಿ.
ಹೆಬ್ಬೆರಳಿಗೂ ಬೀಗ ಉಂಟು, ಮಗಳ ಫೋನಿನಲ್ಲಿ ಹಾಕಿಸಿ,
ಬೇಕಾದಾಗ ತೆಗೆಸಿ.
ಬ್ಯಾಂಕಿನಿಂದ ಅಂತ ಓಟಿಪಿ ಕೇಳಿದವನು
ಅಳಿಯನಷ್ಟು ನಯವಾಗಿ ಮಾತಾಡಿದರೂ ಫೋನ್ ಇಟ್ಟುಬಿಡಿ.
ಮೋಸ ಹೋದಿರಾ, ನಾಚಿಕೆ ಬೇಡ,
ಆ ಗಳಿಗೆಯಲ್ಲೇ ಹತ್ತೊಂಬತ್ತು ಮೂವತ್ತಕ್ಕೆ ಹೇಳಿ.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು
ಪಟ್ಟಣದ ಪಕ್ಕದವರಿಗೆ ನಾನು ಹೇಳಬೇಕೆ?

ಗೊಣಗುತ್ತಾರೆ. ಎರಡು ರೂಪಾಯಿಗೆ ಇಷ್ಟು ಪುರಾಣವಾ ಎಂದು
ಆಚೆ ಅಂಗಡಿಗೆ ಎದ್ದುಹೋದವರುಂಟು.

ಮೊನ್ನೆ ಜವರಮ್ಮ ಬಂದಿದ್ದಳು, ಬ್ಯಾಂಕಿಗೊಂದು ಪ್ರತಿ.
ಬರೆಯಲು ಬಾರದು; ಪೆನ್ನು ಕಸಿದುಕೊಂಡು
ಹೊಸಿಲಿಗೆ ಹಿಟ್ಟು ಬಿಡುವ ಹಾಗೆ
ಕಾಗದದ ಮೇಲೆ ಎರಡೆಳೆ ಎಳೆದಳು.
ನಡುವೆ ನಾನು ಬರೆದೆ: ಬ್ಯಾಂಕಿಗೆ ಮಾತ್ರ.
"ಸೊಟ್ಟಗೆ ಬಂದಿದ್ದನ್ನೂ ಕೊಡು" ಅಂತ ಕೈಯೊಡ್ಡಿ ಇಸ್ಕೊಂಡು
ನಾಲ್ಕು ಚೂರು ಮಾಡಿ
ಎಲೆಯಡಿಕೆಯ ಸಂಚಿಗೆ ತುರುಕಿದಳು.

ಕಡ್ಲೆಕಾಯಿಯ ಮಾತು ಅವಳಿಗಿನ್ನೂ ಹೇಳಿಲ್ಲ.

ಹೊರಟವಳು ಪ್ರತಿಯನ್ನು ಬಿಸಿಲಿಗೆ ಹಿಡಿದು ತಿರುಗಿದಳು:
"ಇವೆರಡು ನಾನೆಳ್ದಿದ್ದು.
ಈ ಎಡಗಡೆದು, ಇದ್ಯಾರು ಎಳ್ದಿದ್ದು?"

ಯಂತ್ರದ್ದು ಕಣಮ್ಮ, ಅಂದೆ,
ಅವಳ ಚಿಲ್ಲರೆಯನ್ನು ಇನ್ನೊಂದು ಸಲ ಎಣಿಸುತ್ತಾ.