ಷರಾ

ಶಿವಡಿಯಲ್ಲಿ, ಬಂದರಿನ ರೈಲು ಹಳಿಗೆ ಬೆನ್ನು ಕೊಟ್ಟು
ಮುಚ್ಚಿಬಿದ್ದ ಬಣ್ಣದ ಕಾರ್ಖಾನೆ.
ಅದರ ಜಾಗದಲ್ಲಿ ನಲವತ್ತೆರಡು ಅಂತಸ್ತು ಏಳಬೇಕು.
ಏಳುವ ಮೊದಲು, ನೆಲದ ಹೊಟ್ಟೆಯಲ್ಲೇನಿದೆ ಎಂದು
ಯಾರಾದರೊಬ್ಬರು ಕೇಳಬೇಕಂತೆ, ಕಾಯಿದೆ.
ಕೇಳುವವಳು ನಾನು. ಕಾಂಟ್ರಾಕ್ಟಿನ ಮೇಲೆ.

ಐದು ಕೊಳವೆ. ಎಲ್ಲಿ ಕೊರೆಯಬೇಕೆಂದು
ಅಂಧೇರಿಯ ತಣ್ಣನೆಯ ಕೋಣೆಯಲ್ಲಿ ಚುಕ್ಕಿ ಇಟ್ಟವರು
ಮ್ಹಾಪಣಕರ್ ಕಾಕಾನನ್ನು ಕೇಳಲಿಲ್ಲ.
ಮೂವತ್ತು ವರ್ಷ ಇಲ್ಲಿ ಹಸಿರು ಕಲಸಿದವರು,
ಈಗ ಗೇಟು ಕಾಯುತ್ತಾರೆ; ಉಗುರುಸಂದಿ ಇನ್ನೂ ಹಳದಿ.
"ಪೋರಿ," ಅಂದರು ಕೋಲು ಚಾಚಿ,
"ಆ ಬಾದಾಮಿ ಮರದ ಹಿಂದೆ ಪೀಪಾಯಿ ಹೂತಿದ್ದೇವೆ.
ಎಷ್ಟು ಅಂತ ಎಣಿಸಿದವ ಸತ್ತ."
ನಕಾಶೆ ಬಿಚ್ಚಿದೆ.
ಬಾದಾಮಿ ಮರವೇ ಇಲ್ಲ ಅದರಲ್ಲಿ.

ನಾಲ್ಕನೆಯ ಕೊಳವೆಗೆ ಬಂದಾಗ ಹನ್ನೊಂದೂವರೆ.
ನಿಂತ ನೀರನ್ನು ಮೊದಲು ಹೊರಚೆಲ್ಲಬೇಕು, ಮೂರು ಪಾಲು;
ಹೊಸ ನೀರು ಊರುವ ತನಕ ಕಾಯಬೇಕು.
ಕಂದು ಗಾಜಿನ ಶೀಶೆ, ಕಂಠಮಟ್ಟ ತುಂಬಿ,
ಬೋರಲು ಹಾಕಿ ಬೆರಳಿಂದ ತಟ್ಟಬೇಕು,
ಒಂದು ಗುಳ್ಳೆ ಎದ್ದರೂ ಆ ನೀರು ಸುಳ್ಳು.
ಲೋಹಕ್ಕೆ ಬೇರೆ ಬಾಟಲಿ, ಎರಡು ಹನಿ ಆಸಿಡ್.
ಬಣ್ಣ: ಇಲ್ಲ.
ವಾಸನೆ: ಮೂಗು ಹತ್ತಿರ ಒಯ್ಯಬಾರದು, ಒಯ್ದೆ.
ಮಳೆ ಬಿದ್ದ ಪೆಟ್ರೋಲ್ ಪಂಪು.

"ನೀವು ಕನ್ನಡದೋರೇನ್ರಿ?"
ಪತ್ರಾ ಶೆಡ್ಡಿನ ಸಾಲಿನಿಂದ ಕೊಡ ಹಿಡಿದು ಬಂದವಳು,
ನಾನು ಫೋನಿನಲ್ಲಿ ತಮ್ಮನಿಗೆ ಬೈದದ್ದು ಕೇಳಿಸಿಕೊಂಡಿದ್ದಳು.
ದ್ಯಾವಮ್ಮ, ಸುರಪುರದ ಕಡೆ. ಗಂಡ ಸಲಾಕೆ ಬಗ್ಗಿಸುತ್ತಾನೆ.
ಟ್ಯಾಂಕರು ಎರಡು ದಿನಕ್ಕೊಮ್ಮೆ; ನಡುವಿನ ದಿನಗಳಿಗೆ
ಪಾಯದ ಗುಂಡಿಯ ಪಂಪಿಗೆ ಕೊಡ ಹಿಡಿಯುತ್ತಾಳೆ.
"ನೀರು ಹೆಂಗೈತ್ರಿ ಅಕ್ಕಾ?"
ವರದಿ ಬರುವ ಮೊದಲು ಬಾಯಿ ಬಿಡುವಂತಿಲ್ಲ. ಸಹಿ ಮಾಡಿದ್ದೇನೆ.
"ಇನ್ನೂ ಲ್ಯಾಬಿಗೆ ಹೋಗಬೇಕು" ಅಂದೆ.
"ನಮ್ಮ ಲ್ಯಾಬು ಒಲಿ ಮ್ಯಾಗೈತ್ರಿ," ನಕ್ಕಳು.
"ಊರಿಂದ ತಂದ ತೊಗರಿಬ್ಯಾಳಿ. ಎರಡು ತಾಸು ಕುದಿಸೀನಿ,
ಬೇಯವಲ್ದು."

ಉಪ್ಪು, ಗಡಸು: ಬೇಳೆಗೆ ಗೊತ್ತಾಗುವುದು ಇಷ್ಟೇ.
ಸೀಸ ಗೊತ್ತಾಗುವುದಿಲ್ಲ. ಕ್ರೋಮಿಯಂ ಗೊತ್ತಾಗುವುದಿಲ್ಲ.
ಬೇಳೆಯ ಜೊತೆಗೇ ಮೆತ್ತಗೆ ಬೆಂದು, ಒಗ್ಗರಣೆಗೆ ಘಮ್ಮೆಂದು
ಮಕ್ಕಳ ತಟ್ಟೆಗೆ ಬಂದು ಕೂರಬಲ್ಲವು ಅವು.
ಐಸಿನ ಪೆಟ್ಟಿಗೆ ಮುಚ್ಚುತ್ತ, ಅವಳತ್ತ ನೋಡದೆ
"ಬೆಂದರೂ ಉಣ್ಣಬೇಡ" ಅಂದೆ.
ಅವಳು ಕೊಡ ಕೆಳಗಿಡಲಿಲ್ಲ.
"ಮತ್ತ ಏನ್ ಕುಡಿಯೂದ್ರಿ?"

ಫಾರ್ಮಿನಲ್ಲಿ ಈ ಪ್ರಶ್ನೆಗೆ ಕಾಲಂ ಇಲ್ಲ.
ಷರಾ ಎಂದೊಂದು ಇದೆ, ತೀರ ಕೊನೆಗೆ, ಎರಡು ಬೆರಳಗಲ.
ಬರೆಯಹೋದರೆ ಯಾಕೋ ಕೈ ಕನ್ನಡಕ್ಕೆ ಹೊರಳಿತು,
ವಡಾಳದ ಮುನಿಸಿಪಾಲಿಟಿ ಶಾಲೆಯ ಕನ್ನಡ.
ಶಾಲೆ ಮುಚ್ಚಿ ಹದಿನಾಲ್ಕು ವರ್ಷ,
ನನ್ನ ಳ ಈಗ ಓರೆ ಕೂರುತ್ತದೆ:

ಇಲ್ಲಿ ಬೇಳೆ ಬೇಯುವುದಿಲ್ಲ.
ಬಾದಾಮಿ ಮರದ ಹಿಂದೆ ಯಾರೂ ಕೊರೆದಿಲ್ಲ.

ವರದಿ ಇನ್ನೂರ ಹನ್ನೆರಡು ಪುಟ. ಐದೂ ಕೊಳವೆ ಮಿತಿಯೊಳಗೆ.
ನಾಲ್ಕನೆಯದು ಅಂಚಿನಲ್ಲಿ; ಅಂಚೂ ಒಳಗೇ ಅಂತೆ.
ಪರುಳೇಕರ್ ಸಾಹೇಬರು ಸಹಿ ಹಾಕುವ ಮುನ್ನ
ನೂರ ಎಂಬತ್ತೇಳನೆಯ ಪುಟದಲ್ಲಿ ನಿಂತು, ಕನ್ನಡಕ ಏರಿಸಿ
"ಇದೇನು, ತಮಿಳಾ?" ಅಂದರು.
ವಾಸನೆಯ ವಿವರ ಸರ್, ಅಂದೆ.
ಮೊಹರು ಬಿತ್ತು.

ನಿಯಮದ ಪ್ರಕಾರ ಒಂದು ಪ್ರತಿ ವಾರ್ಡ್ ಆಫೀಸಿನಲ್ಲಿದೆ.
ಯಾರು ಬೇಕಾದರೂ ಓದಬಹುದು,
ಹತ್ತೂವರೆಯಿಂದ ನಾಲ್ಕು. ಶನಿವಾರ ಅರ್ಧ ದಿನ.