ಒಂದು ಇಳದೈತಿ, ಒಂದು ಏರೈತಿ

ನಸುಕಿನ್ಯಾಗ ಮೂರಕ್ಕ ಎದ್ದು
ಭೋಸರಿ ಕಂಪನಿ ಹುಡುಗರ ಡಬ್ಬಿಗೆ
ನೂರಾ ಅರವತ್ತು ಜ್ವಾಳದ ರೊಟ್ಟಿ ಬಡದು
ಹಸದ ಹೊಟ್ಟೀಲೆ ಲ್ಯಾಬಿಗೆ ಹೋದೆ.
ಓಂಕಾರ ಅನ್ನೂ ಹುಡುಗ ತೋಳಿಗೆ ಪಟ್ಟಿ ಬಿಗದು
"ಮಾವಶೀ, ಕಾಹೀ ಖಾಲ್ಲಂ ನಾಹೀ ನಾ?" ಅಂದ.
ತಿಂದಿಲ್ಲಪಾ. ಬರೇ ಬಡದೀನಿ.
ಮೊಣಕೈ ತನಕ ಹಿಟ್ಟು.
ಸ್ಪಿರಿಟ್ಟಿನ ಅರಳೀಲೆ ಒರಸಿ ಒರಸಿ
ಹಿಟ್ಟಿನ ಕೆಳಗ ನನ್ನ ನರ ಹುಡಕಿದ.

ಐದು ತಿಂಗಳಾತು ನಾ ರೊಟ್ಟಿ ಬಿಟ್ಟು.
ಅಕ್ಕನ ಮಗಳು ಸುವರ್ಣಿ, ಪಿಂಪ್ರಿ ದವಾಖಾನಿ ನರ್ಸು,
ಒಂದಿನ ನನ್ನ ಕಾಲಿನ ಹೆಬ್ಬೆರಳಿಗೆ ಸೂಜಿ ಒತ್ತಿ
"ಚುಚ್ಚಿತೇನ?" ಅಂದಳು.
"ಯಾವಾಗ ಚುಚ್ಚತಿ?" ಅಂದೆ.
ಅತ್ತಳು, ಬೈದಳು,
ಅನ್ನ, ರೊಟ್ಟಿ, ಅವಲಕ್ಕಿ, ಬೆಲ್ಲದ ಚಾ
ನಾಕಕ್ಕೂ ಬೀಗ ಜಡದು ಕೀಲಿ ಒಯ್ದಳು.

ಮೊದಲನೇ ವಾರ ಕೈ ನಡುಗಿ
ತಟ್ಟಿದ ರೊಟ್ಟಿ ಹಂಚಿನ ಮ್ಯಾಲ ಹರೀತಿತ್ತು.
ಡಾಕ್ಟರ್ ಬಾಯಿ ಸಕ್ಕರಿ ಗುಳಿಗಿ ಅರ್ಧ ಮಾಡಿದಳು.
ತತ್ತಿ ಮುಟ್ಟದಾಕಿ ಐವತ್ತೆರಡನೇ ವಯಸ್ಸಿಗೆ
ಮೂಗು ಹಿಡದು ಎರಡೆರಡು ನುಂಗಿದೆ.
ಮೆಂತೇ ಪಲ್ಯಾದ ಮ್ಯಾಲ ಮುದ್ದಿ ಬೆಣ್ಣಿ,
ಬಟ್ಟಲ ತುಂಬ ಕೆನಿ, ಹಸಿವಾದಾಗ ಒಣಕೊಬ್ರಿ.
ಸೀರಿ ನಿರಗಿ ಎರಡು ಹೆಚ್ಚು ಬೀಳಾಕ ಹತ್ತಿದ್ವು.
ರಾತ್ರಿ ಮೂರು ಸಲ ಏಳೂದು ತಪ್ಪಿತು.

ಕರಂದೀಕರ್ ಬಾಯಿ ಹಾಳಿ ಬಿಡಿಸಿ ನಕ್ಕಳು.
ಮೂರು ತಿಂಗಳ ಸಕ್ಕರಿ ಒಂಬತ್ತೂವರಿ ಇದ್ದದ್ದು ಆರೂಮುಕ್ಕಾಲು.
ಟ್ರೈಗ್ಲಿಸರೈಡು ಅನ್ನೂ ಉದ್ದ ಹೆಸರಿನಾಕಿ
ಮುನ್ನೂರಾ ಹತ್ತರ ಮಾಳಿಗಿ ಬಿಟ್ಟು
ನೂರಾ ನಲವತ್ತರ ಕಟ್ಟಿಗೆ ಬಂದು ಕುಂತಾಳ.
ಒಳ್ಳೇ ಕೊಬ್ಬು ನಾಕು ಮೆಟ್ಟಲಾ ಏರೈತಿ.
"ಪಣ..." ಅಂದಳು ಬಾಯಿ.

ಅವರ ಮಾತಿನ್ಯಾಗ ಪಣ ಅಂದ್ರ "ಆದರ".
ನಮ್ಮ ಮಾತಿನ್ಯಾಗ ಪಣ ಅಂದ್ರ ಜೂಜಿಗೆ ಇಟ್ಟದ್ದು.
ನನಗ ಎರಡೂ ಕೂಡೇ ಕೇಳಿಸಿದ್ವು.

ಎಲ್.ಡಿ.ಎಲ್. ನೂರಾ ಹದಿನೆಂಟು ಇದ್ದದ್ದು
ನೂರಾ ಎಪ್ಪತ್ತೊಂದು.

ಇಪ್ಪತ್ತು ವರ್ಷ ಖಾನಾವಳಿ ಖಾತೆ ಬರದಾಕಿ ನಾ.
ಒಬ್ಬಾಂವ ಬಾಕಿ ತೀರಿಸಿದ ದಿನಾನ
ಇನ್ನೊಬ್ಬಾಂವ ಬಂದು ಉದ್ರಿ ಹೇಳತಾನ, ಗೊತ್ತೈತಿ.
ಆದರ ಅಲ್ಲೆ ಹೆಸರು ಇರತಾವ.
ಇಲ್ಲೆ ಉದ್ರಿ ಹೇಳಿದಾಂವ ಯಾಂವ?
ಬೆಣ್ಣಿಯೋ? ಕೊಬ್ರಿಯೋ? ತತ್ತಿಯೋ?
ಕರಗಿ ಹೋದ ಒಂಬತ್ತು ಕಿಲೋ ನಾನೋ?
"ಎಲ್ಲಾರಿಗೂ ಏರೂದಿಲ್ಲ, ಒಬ್ಬೊಬ್ಬರಿಗೆ ಏರತೈತಿ" ಅಂದಳು ಬಾಯಿ.
ಲಾಟರಿ ಮಾತ್ರ ಒಮ್ಮೀನೂ ಹತ್ತಲಿಲ್ಲ ನನಗ.

"ಹಂಗಾರ ರೊಟ್ಟಿ ತಿನ್ನಲೇನ?" ಅಂದೆ. ಸಿಟ್ಟಿಲೆ ಅಂದೆ.
ಬ್ಯಾಡ ಅಂದಳು.
ಗೆದ್ದದ್ದು ಯಾಕ ಬಿಟ್ಟುಕೊಡತಿ?
ಬೆಣ್ಣಿ ಕೊಬ್ರಿ ಅತ್ತಾಗ ಸರಸು,
ಶೇಂಗಾ ಹಿಂಡಿ, ಅಗಸಿ ಹಿಂಡಿ, ಮುಷ್ಟಿ ಮಡಕಿ ಮೊಳಕಿ ಇರಲಿ.
ರಾತ್ರಿ ಮಲಗೂ ಮುಂದ ಈ ಗುಳಿಗಿ.
ಮೂರು ತಿಂಗಳಿಗೆ ಮತ್ತ ರಕ್ತ ಕೊಡು, ನೋಡೂಣು.
ನೋಡೂಣು ಅನ್ನೂದಕ್ಕ ನಾಕುನೂರು ರೂಪಾಯಿ ಫೀ.

ಮರುದಿನ ನಸುಕಿನ್ಯಾಗ ಮತ್ತ ಹಂಚು ಕಾದಿತ್ತು.
ಕೆಳಗಿನ ರಸ್ತಾದಾಗ ಪಾಳಿ ಮುಗಿಸಿದವರ ಬಸ್ಸು.
ಮೊದಲನೇ ರೊಟ್ಟಿ ಮುರದು ಬಾಯಿಗೆ ಹಾಕೂ ಚಾಳಿ ಕೈಗೈತಿ,
ಬಾಯಿ ತನಕ ಬಂದ ಕೈ ಅಲ್ಲೇ ನಿಂತು
ಹಣಮಿ ಕಡೆ ತಿರುಗಿತು.
"ಹೆಂಗೈತಿ?"
ಹುಡುಗಿ ಅಗದು, ಕಣ್ಣು ಮುಚ್ಚಿ, "ಛಲೋ ಐತಿ ಅತ್ತಿ."

ನನ್ನ ರೊಟ್ಟಿ ರುಚಿ ಹಣಮಿ ಹೇಳಬೇಕು,
ನನ್ನ ರಕ್ತದ ರುಚಿ ಓಂಕಾರ.
ನಂಬೂದು ಒಂದು ನನ್ನ ಪಾಲಿಗೆ ಉಳದೈತಿ.

ರೊಟ್ಟಿ ಉಬ್ಬಿತು.
ತಿರುವಿ ಹಾಕಿದೆ.