ಚೀಲದ ಕೋಣೆ

ತಾಲಿನ್ನಿಂದ ಬಂದಿದ್ದ ಎಳೆಯ ಡಾಕ್ಟರಮ್ಮ
ನಲವತ್ತು ಪ್ರಶ್ನೆಯ ಹಾಳೆ ಹಿಡಿದು ಮಹಡಿಯಲ್ಲಿ ಕೇಳುತ್ತಿದ್ದಳು:
ಅರವತ್ತು ದಿನ ಪೂರೈಸುವವರು ಯಾರು,
ನಡುವೆ ಎದ್ದು ಹೋಗುವವರು ಯಾರು,
ವಯಸ್ಸೇ, ಓದೇ, ಮದುವೆಯೇ, ಚಟಕ್ಕೆ ಎಷ್ಟು ವರ್ಷ?

ನಾನು ಜಿನೈದಾ. ರಾತ್ರಿ ಪಾಳಿ.
ಚೀಲದ ಕೋಣೆಯ ಬೀಗದಕೈ ನನ್ನ ಸೊಂಟದಲ್ಲಿ.
ನನ್ನನ್ನು ಅವಳು ಕೇಳಲಿಲ್ಲ.

ಬಂದವರು ಮೊದಲ ದಿನ ನನಗೆ ಒಪ್ಪಿಸುತ್ತಾರೆ
ಫೋನು, ಬೆಲ್ಟು, ಬೂಟಿನ ಲೇಸು.
ಹೋಗುವವರು ಬಂದು ಕೇಳುವುದೂ ನನ್ನನ್ನೇ.
ಬೆಳಗಿನ ಆರೂ ನಲವತ್ತಕ್ಕೆ ನಾರ್ವಾ ಬಸ್ಸು
ಗೇಟಿನೆದುರೇ ಬಂದು ನಿಲ್ಲುತ್ತದೆ.
ಆ ನಿಲ್ದಾಣವನ್ನು ಎರಡು ಕಿಲೋಮೀಟರು ಆಚೆ ಹಾಕಿಸಿ
ಎಂದು ಎಷ್ಟು ಸಲ ಹೇಳಿಲ್ಲ.
ಸಮುದ್ರದ ಗಾಳಿಗೆ ಮುಖ ಕೊಟ್ಟು ಅಷ್ಟು ನಡೆದರೆ
ಅರ್ಧ ಜನ ತಿರುಗಿ ಬಂದಾರು, ಗಂಜಿಯ ಹೊತ್ತಿಗೆ.

ಹಲ್ಲುನೋವು. ಬರೆದುಕೋ ಮಗಳೇ, ಹಲ್ಲುನೋವು.
ಅಮಲು ಇಳಿದರೆ ಹತ್ತು ವರ್ಷದ ನೋವು ಒಟ್ಟಿಗೆ ಏಳುತ್ತದೆ.
ಹಲ್ಲು ಕಚ್ಚಿ ತಡೆದುಕೋ ಅಂದರು ಗ್ಲೆಬ್‌ಗೆ;
ಕಚ್ಚಲು ಹಲ್ಲೆಲ್ಲಿ ಅವನಿಗೆ?
ದಂತವೈದ್ಯರ ಸರದಿ ಹನ್ನೆರಡನೇ ದಿನಕ್ಕಿತ್ತು.
ಅವನು ಹೋದದ್ದು ಒಂಬತ್ತಕ್ಕೆ.
ಮಾರ್ಗಿತ್ ಹೋದದ್ದು ಬೆಕ್ಕಿಗಾಗಿ,
ಮೀನು ಹಾಕಲು ನೆರೆಯವಳು ಮರೆತಳಂತೆ.
ಕೋರ್ಟು ಕಳಿಸಿದವರು ಜಡ್ಜಿಗೋಸ್ಕರ ದಿನ ಎಣಿಸುತ್ತಾರೆ,
ಎಣಿಸುತ್ತ ಎಣಿಸುತ್ತ ಒಂದು ದಿನ ಲೆಕ್ಕ ತಪ್ಪುತ್ತದೆ.
ತಪ್ಪಿದವರು ಉಳಿದುಬಿಡುತ್ತಾರೆ.

ಪಕ್ಕದ ಹಾಸಿಗೆ ಖಾಲಿಯಾದ ರಾತ್ರಿ ಕೆಟ್ಟದ್ದು.
ಒಬ್ಬ ಎದ್ದರೆ ಕೋಣೆಗೆ ಕೋಣೆಯೇ ಏಳುತ್ತದೆ.
ಅಂಥ ರಾತ್ರಿ ಚಹಾ ಕಾಸುತ್ತೇನೆ,
ಬೀಗದಕೈ ಎಲ್ಲಿಟ್ಟೆನೋ ಎಂದು ಹುಡುಕಾಡುತ್ತೇನೆ
ಆರೂ ನಲವತ್ತೊಂದರವರೆಗೆ.
ಇದನ್ನು ಮಾತ್ರ ಬರೆಯಬೇಡ.

ರೋದಿಯೋನ್ ಬಂದಾಗ ಅಡುಗೆಮನೆಯಲ್ಲಿ ಪಂಥ ಕಟ್ಟಿದ್ದರು, ಮೂರು ದಿನ ಎಂದು.
ಗಣಿಯಲ್ಲಿ ಬೆನ್ನು ಮುರಿದುಕೊಂಡವನು, ಏಳನೇ ಸಲದವನು.
ಬಟ್ಟೆ ಒಗೆಯುವ ಯಂತ್ರ ಬಿಚ್ಚಲು ಗೊತ್ತಿತ್ತು ಅವನಿಗೆ.
ನಮ್ಮದು, ಪುಣ್ಯಕ್ಕೆ, ಕೆಟ್ಟಿತ್ತು.
ಬಿಡಿಭಾಗ ಪೋಸ್ಟಿನಲ್ಲಿ ಬರಲು ಐವತ್ತಾರು ದಿನ.
ಬೈದ, ಕಾದ, ಮತ್ತೆ ಬೈದ.
ಕೊನೆಗೆ ಡ್ರಮ್ಮು ತಿರುಗಿದಾಗ
ಮಿಕ್ಕ ದಿನಗಳನ್ನು ಅದರ ಮುಂದೆಯೇ ಸ್ಟೂಲು ಹಾಕಿ ಕೂತು ಕಳೆದ.

ತಾವಿ ಹಾಗಲ್ಲ.
ಎಲ್ಲ ಸಭೆಗೂ ಮೊದಲು ಬಂದು ಕುರ್ಚಿ ಜೋಡಿಸುತ್ತಿದ್ದವನು
ಐವತ್ತೆಂಟನೇ ದಿನ ಚೀಲ ಕೇಳಿದ.
ಇನ್ನೆರಡೇ ದಿನವಲ್ಲೋ, ಅಂದೆ.
ಅದಕ್ಕೇ, ಅಂದ.
ಅರವತ್ತೊಂದಕ್ಕೆ ನಾನು ಎಲ್ಲಿರುತ್ತೇನೆ, ಹೇಳು.
ಒಲೆಯ ಮೇಲೆ ಚಹಾ ಇತ್ತು.
ಬೀಗದಕೈ ಕಣ್ಣಿಗೆ ಬೀಳುವಂತೆ ನೇತಾಡುತ್ತಿತ್ತು.
ಹುಡುಕಲು ನನ್ನಿಂದಾಗಲಿಲ್ಲ.

ಲೇಸು ನಾನೇ ಪೋಣಿಸಿ ಕೊಟ್ಟೆ.
ಅವನ ಕೈ ನಡುಗುತ್ತಿರಲಿಲ್ಲ.
ಬಸ್ಸು ಎಂದಿಲ್ಲದೆ ಅವತ್ತು ಏಳು ನಿಮಿಷ ತಡ.
ಅವನು ಗೇಟಿನಿಂದ, ನಾನು ಕಿಟಕಿಯಿಂದ,
ಒಂದೇ ರಸ್ತೆ ನೋಡುತ್ತ ನಿಂತೆವು.

ಹಾಳೆಯಲ್ಲಿ ಅವನು 'ಪೂರೈಸಿಲ್ಲ'.
ಗ್ಲೆಬ್‌ನದೇ ಸಾಲು.

ಮೊನ್ನೆ ಕಪಾಟು ಒರೆಸುವಾಗ ಅವನ ಕೈಗವಸು ಸಿಕ್ಕಿತು, ಒಂದೇ.
ಚೀಟಿ ಅಂಟಿಸಿ ಮೂವತ್ತೊಂದನೇ ಗೂಡಿನಲ್ಲಿಟ್ಟಿದ್ದೇನೆ.
ಹೊಸಬರಿಗೆ ಆ ಗೂಡು ಕೊಡುತ್ತಿಲ್ಲ.